ಭೋಜನದ ಭಾನುವಾರದ ಬಾಟಲಿ

ನಾನು ಹುಟ್ಟಾ ಪುಕ್ಕಲ. ಧೈರ್ಯವಂತರಿಗೆ ದೇವರ ಭಯವೊಂದಿದ್ದರೆ ಸಾಕಂತೆ. ನನಗೆ ಅದೂ ಇದೆ, ಮಿಕ್ಕವೂ ಇವೆ. ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ನಾಲ್ಕು ಜನ ಓಡತೊಡಗಿದರೆ ಯಾವ ಗಾಡಿಗೆ ಎಂದು ಕೇಳದೆ ನಾನೂ ಓಡುತ್ತೇನೆ. ನಮ್ಮ ಸೊಸೈಟಿಯ ಲಿಫ್ಟು ಒಮ್ಮೆ ಗೊರ್ ಎಂದರೆ ಒಂದು ವಾರ ಮೆಟ್ಟಿಲು ಹತ್ತುತ್ತೇನೆ. ಶಹಾಡಿನ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಸ್ಯಾಂಪಲ್ ಪರೀಕ್ಷಿಸಿ ಸಹಿ ಹಾಕಿ ನಿವೃತ್ತನಾದೆ. ಅಷ್ಟೂ ವರ್ಷಗಳಲ್ಲಿ ನನ್ನ ಸಹಿಯ ಒಂದು ಡ್ರಮ್ಮೂ ವಾಪಸು ಬರಲಿಲ್ಲ. ಜನ ಅದನ್ನು ಜಾಣತನವೆಂದರು. ನಿಜವಾಗಿ ಅದು ಹೆದರಿಕೆ. ಪ್ರತಿಯೊಂದನ್ನೂ ಮೂರು ಸಲ ನೋಡದೆ ನನ್ನ ಕೈ ಪೆನ್ನಿಗೆ ಹೋಗುತ್ತಿರಲಿಲ್ಲ. ಇಂಥವನ ಕೈಯಲ್ಲಿ ಚರ್ಚಿನಲ್ಲಿ ಕರ್ತನ ಮೇಜಿನ ಮೇಲಿಡುವ ಬಾಟಲಿಯೇ ಅದಲುಬದಲಾಯಿತು ಎಂದರೆ ಕಾರ್ಖಾನೆಯವರು ಯಾರೂ ನಂಬಲಿಕ್ಕಿಲ್ಲ.

ನಮ್ಮದು ಕಲ್ಯಾಣದ ಒಂದು ಚಿಕ್ಕ ಕನ್ನಡ ಸಭೆ. ಸಭೆ ಎಂದರೆ ಚರ್ಚು, ಕಟ್ಟಡವಲ್ಲ, ಜನ. ನಮಗೆ ಸ್ವಂತ ಕಟ್ಟಡ ಇಲ್ಲವಾದ್ದರಿಂದ ಈ ವ್ಯಾಖ್ಯಾನ ನಮಗೆ ಬಹಳ ಇಷ್ಟ. ಮರಾಠಿ ಸಭೆಯವರು ಬೆಳಿಗ್ಗೆ ಆರಾಧನೆ ಮುಗಿಸಿ ಹೋದ ಮೇಲೆ ಅದೇ ಬೆಂಚುಗಳ ಮೇಲೆ ಸಂಜೆ ನಾಲ್ಕಕ್ಕೆ ನಾವು ಕೂರುತ್ತೇವೆ. ಒಟ್ಟು ನಲವತ್ತು ಜನ. ಗದಗ-ಬೆಟಗೇರಿಯ ನಮ್ಮಂಥವರು ಅರ್ಧ, ಉಡುಪಿ-ಮಂಗಳೂರು ಕಡೆಯವರು ಅರ್ಧ, ಎರಡು ವರ್ಷದ ಹಿಂದೆ ಬಂದ ಪಾಸ್ಟರ್ ಮಾತ್ರ ಕೋಲಾರದವರು. ಡೊಂಬಿವಲಿ, ಬದಲಾಪುರ, ಠಾಣೆಯಿಂದ ಲೋಕಲ್ ಹಿಡಿದು ಬರುತ್ತಾರೆ. ಭಾನುವಾರ ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಇದ್ದರೆ ಮೊದಲ ಹಾಡನ್ನು ಒಂಬತ್ತು ಜನ, ಕೊನೆಯ ಹಾಡನ್ನು ನಲವತ್ತು ಜನ ಹಾಡುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಕನ್ನಡ ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಅವರು ನಮ್ಮ ಹಾಡುಗಳನ್ನು ದೇವನಾಗರಿಯಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ನಮಗಿಂತ ಜೋರಾಗಿ ಹಾಡುತ್ತಾರೆ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಯೇಸು ಶಿಲುಬೆಗೆ ಹೋಗುವ ಹಿಂದಿನ ದಿನ ಶಿಷ್ಯರ ಜೊತೆ ಊಟಕ್ಕೆ ಕೂತು, ರೊಟ್ಟಿ ಮುರಿದು, ದ್ರಾಕ್ಷಾರಸದ ಪಾತ್ರೆ ಹಂಚಿ, ತನ್ನ ನೆನಪಿಗೆ ಹೀಗೆ ಮಾಡುತ್ತಿರಿ ಎಂದು ಹೇಳಿದ್ದನ್ನು ನಾವು ಅಂದು ಪಾಲಿಸುತ್ತೇವೆ. ರೊಟ್ಟಿ ಆತನ ದೇಹಕ್ಕೆ ಗುರುತು, ದ್ರಾಕ್ಷಾರಸ ಆತನ ರಕ್ತಕ್ಕೆ. ನಾವು ಮಾಡಿದ್ದಕ್ಕೆ ಆತ ಸತ್ತ, ನಮಗೆ ಕ್ಷಮೆ ಪುಕ್ಕಟೆಯಾಗಿ ಸಿಕ್ಕಿತು ಎಂಬುದೇ ನಮ್ಮ ನಂಬಿಕೆಯ ಬೇರು. ವೈನ್ ನಮ್ಮಲ್ಲಿ ನಡೆಯುವುದಿಲ್ಲ. ಕಪ್ಪು ದ್ರಾಕ್ಷಿ ಕುದಿಸಿ ಸೋಸಿದ ರಸ, ಹೆಬ್ಬೆರಳಿನ ಗಾತ್ರದ ಲೋಟಗಳಲ್ಲಿ. ಲೋಟ ಕೈಗೆ ಬಂದವರು ಆಗಲೇ ಕುಡಿಯುವಂತಿಲ್ಲ. ಎಲ್ಲರಿಗೂ ಸಿಗುವ ತನಕ ಹಿಡಿದುಕೊಂಡಿದ್ದು, ಕಣ್ಣು ಮುಚ್ಚಿ, ಒಟ್ಟಿಗೆ ಕುಡಿಯಬೇಕು.

ಕ್ಷಮೆ ಪುಕ್ಕಟೆಯಾದರೂ ಕುಡಿಯುವುದು ಅಷ್ಟು ಸುಲಭವಲ್ಲ. ತನ್ನನ್ನು ತಾನು ಪರೀಕ್ಷಿಸಿಕೊಳ್ಳದೆ ಕುಡಿದವನು ದಂಡನೆಯನ್ನೇ ಕುಡಿದ ಹಾಗೆ ಎಂದು ಬೈಬಲಿನಲ್ಲಿ ಅಪೊಸ್ತಲರು ಎಚ್ಚರಿಸಿದ್ದಾರೆ. ಹಾಗೆ ಕುಡಿದು ಕಾಯಿಲೆ ಬಿದ್ದವರೂ ಇದ್ದಾರಂತೆ. ಯಾರ ಮೇಲಾದರೂ ಸಿಟ್ಟಿದ್ದರೆ ಮೊದಲು ಹೋಗಿ ರಾಜಿಯಾಗಬೇಕು, ಆಮೇಲೆ ಮೇಜಿಗೆ ಬರಬೇಕು. ಹೀಗಾಗಿ ಹಿಂದಿನ ದಿನ, ಶನಿವಾರ ಸಂಜೆ, ಸಿದ್ಧತೆಯ ಕೂಟ ಇರುತ್ತದೆ. ಅದು ಮುಗಿದೊಡನೆ ನಮ್ಮ ಸಭೆಯವರ ಫೋನುಗಳೆಲ್ಲ ಎಂಗೇಜು. ಸ್ಟೇಷನ್ನಿನಲ್ಲಿ ನೋಡಿಯೂ ನೋಡದ ಹಾಗೆ ಹೋಗಿದ್ದೆ, ಕ್ಷಮಿಸಿ. ನಿಮ್ಮ ಸೊಸೆಯ ಅಡುಗೆಯ ಬಗ್ಗೆ ಒಂದು ಮಾತು ಆಡಿದ್ದೆ, ಕ್ಷಮಿಸಿ. ಆಡಿದ್ದೇ ಗೊತ್ತಿಲ್ಲದವರು ಏನು ಆಡಿದಿರಿ ಎಂದು ವಿಚಾರಿಸುತ್ತಾರೆ, ಹೊಸ ಜಗಳ ಹುಟ್ಟುತ್ತದೆ, ಅದಕ್ಕೆ ಮುಂದಿನ ತಿಂಗಳ ಶನಿವಾರ ಇದ್ದೇ ಇರುತ್ತದೆ.

ಈ ಫೋನಿಗೆ ಬಗ್ಗದ ಜಗಳ ಒಂದೇ ಒಂದಿತ್ತು. ಡೊಂಬಿವಲಿಯ ಲಿಲ್ಲಿಯಮ್ಮನವರು ನಮ್ಮ ಸಭೆಯ ಅತಿ ಹಿರಿಯರು, ಉಡುಪಿ ಕಡೆಯವರು. ಅವರ ಮಗ ಎಡ್ವಿನ್ನನಿಗೆ ಎ.ಸಿ. ರಿಪೇರಿಯ ಅಂಗಡಿ. ಅಳಿಯ ವಸಂತ ಬದಲಾಪುರದಲ್ಲಿರುವ ರೈಲ್ವೆ ನೌಕರ. ಇಬ್ಬರೂ ಇಲ್ಲೇ ಹುಟ್ಟಿ ಬೆಳೆದವರು. ಆರು ವರ್ಷದ ಹಿಂದೆ ಎಡ್ವಿನ್ನನ ಮಗಳ ಮದುವೆಯ ಕಾರ್ಡಿನಲ್ಲಿ ಭಾವ ವಸಂತನ ಹೆಸರು ಮೂರನೆಯ ಸಾಲಿಗೆ ಹೋಯಿತು, ಯಾವುದೋ ದೂರದ ಚಿಕ್ಕಪ್ಪನ ಕೆಳಗೆ. ವಸಂತ ಅದನ್ನು ಗಮನಿಸಿರಲಿಲ್ಲ, ಯಾರೋ ತೋರಿಸಿಕೊಟ್ಟರು. ತೋರಿಸಿಕೊಡುವವರು ಎಲ್ಲ ಸಭೆಗಳಲ್ಲೂ ಒಬ್ಬರು ಇರುತ್ತಾರೆ. ವಸಂತ ಮದುವೆಗೆ ಹೋಗಲಿಲ್ಲ. ಅಲ್ಲಿಂದ ಭಾವ-ಮೈದುನರ ಮಾತು ನಿಂತಿತು. ಭೋಜನದ ಭಾನುವಾರಗಳನ್ನು ಇಬ್ಬರೂ ಹಂಚಿಕೊಂಡರು: ಒಂದು ತಿಂಗಳು ಎಡ್ವಿನ್ ಬಂದರೆ ಮರುತಿಂಗಳು ವಸಂತ. ಯಾರೂ ಕೂತು ಮಾಡಿದ ಒಪ್ಪಂದವಲ್ಲ, ಆದರೂ ಒಮ್ಮೆಯೂ ತಪ್ಪಿದ್ದಿಲ್ಲ. "ನನ್ನ ಕಣ್ಣು ಮುಚ್ಚುವುದರೊಳಗೆ ಇಬ್ಬರೂ ಒಂದೇ ದಿನ ಮೇಜಿಗೆ ಬರಲಿ ಅಂತ ಬೇಡ್ಕೊಳ್ಳುದು ನಾನು, ಬೇರೆ ಎಂತ ಬೇಡ," ಎಂದು ಲಿಲ್ಲಿಯಮ್ಮ ಪ್ರತಿ ಪ್ರಾರ್ಥನಾಕೂಟದಲ್ಲೂ ಹೇಳುತ್ತಿದ್ದರು. ನಾವು ಆಮೆನ್ ಎನ್ನುತ್ತಿದ್ದೆವು. ನಾನು ಸ್ವಲ್ಪ ಜೋರಾಗಿಯೇ ಎನ್ನುತ್ತಿದ್ದೆ.

ಈಗ ಬಾಟಲಿಗೆ ಬರುತ್ತೇನೆ. ಮೇಜಿನ ರಸ ಕುದಿಸುವುದು ನನ್ನ ಹೆಂಡತಿ ಶಾಂತಾಳ ಕೆಲಸ, ಲೋಟಗಳಿಗೆ ತುಂಬಿ ಹಂಚುವುದು ನನ್ನದು. ಆ ತಿಂಗಳು ಅವಳು ರಸ ಕುದಿಸಿ, ಸೋಸಿ, ಹಳೆಯ ಶರಬತ್ತಿನ ಬಾಟಲಿಗೆ ತುಂಬಿ ಫ್ರಿಜ್ಜಿನ ಬಾಗಿಲಲ್ಲಿಟ್ಟು ಖಾರ್ಘರ್‌ನಲ್ಲಿರುವ ಮಗಳ ಮನೆಗೆ ಹೋದಳು. ಶನಿವಾರ ಸಂಜೆ ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕು ಎನ್ನುವವರು, ಬಾಗಿಲು ತಟ್ಟಿ, ಕೊಂಕಣದ ತವರಿನಿಂದ ಬಂದದ್ದು ಎಂದು ಒಂದು ಬಾಟಲಿ ಕೊಟ್ಟರು. ಅದು ಕೋಕಮ್ ಆಗಳ. ಕೋಕಮ್ ಹಣ್ಣಿಗೆ ಮುಷ್ಟಿಗಟ್ಟಲೆ ಉಪ್ಪು ಸುರಿದು ಇಳಿಸಿದ ಗಟ್ಟಿ ರಸ. ಒಂದು ಚಮಚ ಬಿದ್ದರೆ ಇಡೀ ಮನೆಯವರಿಗೆ ಸಾರು ಆಗುತ್ತದೆ. ಅದರ ಬಣ್ಣವೂ ಕಡುಗೆಂಪು, ಅದಿದ್ದದ್ದೂ ಶರಬತ್ತಿನ ಬಾಟಲಿಯಲ್ಲೇ. ನಾನು ಅದನ್ನು ಫ್ರಿಜ್ಜಿನ ಬಾಗಿಲಲ್ಲಿಟ್ಟು, ಜಾಗ ಸಾಲದೆ ಶಾಂತಾಳ ಬಾಟಲಿಯನ್ನು ಒಳಗೆ ಹಿಂದಕ್ಕೆ ತಳ್ಳಿದೆ. ತಳ್ಳಿದ್ದು ಮರುದಿನಕ್ಕೆ ಮರೆತುಹೋಯಿತು.

ಭಾನುವಾರ ಮಧ್ಯಾಹ್ನ ಶಾಂತಾ ಫೋನು ಮಾಡಿದಳು. "ಬಾಗಲದಾಗ ಇಟ್ಟೇನಿ ನೋಡ್ರಿ, ಕೆಂಪ ಬಾಟ್ಲಿ. ಹೋಗೂದ್ರಾಗ ಒಂಚೂರು ರುಚಿ ನೋಡ್ರಿ ಮತ್ತ."

"ಕರ್ತನ ಮೇಜಿಂದು ಅದನ್ನ ಮೊದ್ಲ ನಾ ನೆಕ್ಕಲೇನು?" ಎಂದೆ. ಹೀಗೆ ಹೇಳುವಾಗ ನನ್ನ ಭಕ್ತಿಗೆ ನಾನೇ ಮೆಚ್ಚಿದೆ. ವಾಸನೆಯಾದರೂ ತಿಳಿಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ಮೂವತ್ತೊಂದು ವರ್ಷ ಬಣ್ಣದ ಹಬೆ ಕುಡಿದ ನನ್ನ ಮೂಗು ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದೆ.

ಅಂದು ಲಿಲ್ಲಿಯಮ್ಮನವರಿಗೆ ಎಂಬತ್ತೈದು ತುಂಬಿತ್ತು. ತಾಯಿಯ ಹುಟ್ಟಿದ ದಿನಕ್ಕೆ ಮಗನೂ ಬಂದ, ಅಳಿಯನೂ ಬಂದ. ಆರು ವರ್ಷದ ಪಾಳಿ ಅಂದು ಮುರಿಯಿತು. ಒಬ್ಬ ಈ ಕಡೆಯ ಕೊನೆಯ ಬೆಂಚು, ಇನ್ನೊಬ್ಬ ಆ ಕಡೆಯ ಕೊನೆಯ ಬೆಂಚು. ನಾನು ಲೋಟದ ತಟ್ಟೆ ಹಿಡಿದು ಹೋದಾಗ ಎಡ್ವಿನ್ ಒಂದು ಗಳಿಗೆ ತಡೆದ. ಸಿಟ್ಟು ಇಟ್ಟುಕೊಂಡವನು ಲೋಟ ಮುಟ್ಟಬಾರದು. ಆದರೆ ಮುಟ್ಟದಿದ್ದರೆ ತಾಯಿಗೆ ಕಾಣುತ್ತದೆ. ತೆಗೆದುಕೊಂಡ. ವಸಂತನೂ ಹಾಗೇ ತಡೆದು ತೆಗೆದುಕೊಂಡ. ಹಿಂದಿನ ದಿನದ ಕೂಟದಲ್ಲಿ ಪಾಸ್ಟರ್, ಕಲ್ಲು ಮನಸ್ಸಿನವನ ಬಾಯಲ್ಲಿ ಕರ್ತನ ಪಾತ್ರೆಯೂ ಕಹಿಯಾಗುತ್ತದೆ ಎಂದು ಮೇಜು ಗುದ್ದಿ ಹೇಳಿದ್ದರು.

ಎಲ್ಲರೂ ಕಣ್ಣು ಮುಚ್ಚಿದೆವು, ಕುಡಿದೆವು. ಉಪ್ಪೆಂದರೆ ಸಮುದ್ರದ ಉಪ್ಪು, ಹುಳಿಯೆಂದರೆ ಕಿವಿಯ ತನಕ ಜುಮ್ಮೆನ್ನುವ ಹುಳಿ. ನನ್ನ ತಲೆಗೆ ಬಂದ ಮೊದಲ ಮಾತು, ಯಾವ ಬಾಟಲಿ ಎಂಬುದು. ಎರಡನೆಯದು, ಫ್ರಿಜ್ಜಿನ ಬಾಗಿಲು. ಮೂರನೆಯದು, ಪಕ್ಕದ ಮನೆಯ ಕಾಕು. ಕಣ್ಣು ತೆರೆಯಲು ಹೆದರಿಕೆ, ಮುಚ್ಚಿಕೊಂಡಿರಲು ಇನ್ನೂ ಹೆದರಿಕೆ. ಒಬ್ಬರೂ ಕೆಮ್ಮಲಿಲ್ಲ, ಒಬ್ಬರೂ ಏನಿದು ಎನ್ನಲಿಲ್ಲ. ಕಡೆಗೆ ಕಳ್ಳಗಣ್ಣಿನಲ್ಲಿ ನೋಡಿದರೆ ಅರ್ಧ ಸಭೆಯ ಕಣ್ಣಲ್ಲಿ ನೀರು. ಮೂಗು ಒರೆಸಿಕೊಳ್ಳುವವರು, ತಲೆ ತಗ್ಗಿಸಿ ತುಟಿ ಅಲುಗಿಸುವವರು. ಒಬ್ಬೊಬ್ಬರೂ ಇದು ತಮ್ಮೊಬ್ಬರ ಬಾಯಿಗೇ ಬಂದ ರುಚಿ ಎಂದು ತಿಳಿದು ಬೆವೆತು ಹೋಗಿದ್ದರು. ಆಗ ಎಡ್ವಿನ್ ಎದ್ದ. ಬೆಂಚುಗಳ ನಡುವೆ ನಡೆದುಹೋಗಿ ವಸಂತನ ಮುಂದೆ ನಿಂತು "ಭಾವಾ" ಎಂದ. ಅಷ್ಟೇ. ವಸಂತ ಎದ್ದು ಅವನನ್ನು ತಬ್ಬಿಕೊಂಡ. ಲಿಲ್ಲಿಯಮ್ಮ ಕುಳಿತಲ್ಲಿಂದಲೇ ಎರಡೂ ಕೈ ಎತ್ತಿದರು. ಸಭೆಯವರೆಲ್ಲ ಅತ್ತರು. ನಾನು ಖಾಲಿ ಬಾಟಲಿಯನ್ನು ಚೀಲದಲ್ಲಿ ಅಡಗಿಸುತ್ತಿದ್ದೆ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಎಂಬುದು ನನಗೇ ಗೊತ್ತು. ಸೋಮವಾರ ನನ್ನ ಹಲ್ಲು ನೋಯಿತು. ದಂಡನೆ ಶುರುವಾಯಿತು ಎಂದುಕೊಂಡೆ. ಮಂಗಳವಾರ ಹಲ್ಲುನೋವು ತಾನಾಗಿ ನಿಂತಿತು. ಇನ್ನೂ ದೊಡ್ಡದೇನೋ ಕಾದಿದೆ ಎಂದುಕೊಂಡೆ. ಅದೊಂದು ವಾರ ಸಭೆಯಿಂದ ಬಂದ ಸುದ್ದಿಯೆಲ್ಲ ರಾಜಿಯ ಸುದ್ದಿ. ಹನ್ನೊಂದು ವರ್ಷದ ಹಿಂದೆ ಎರವಲು ಪಡೆದ ಕುಕ್ಕರು ವಾಪಸಾಯಿತು, ಸೀಟಿ ಸಮೇತ. ಅತ್ತೆಯೊಬ್ಬರು ಸೊಸೆಯ ಕೈ ಹಿಡಿದು ಅತ್ತರಂತೆ. ಹೇಳಿದರೆ ಇವೆಲ್ಲ ಮಣ್ಣುಪಾಲು. ಕೋಕಮ್ ಕುಡಿದು ಮಾಡಿಕೊಂಡ ರಾಜಿ ರಾಜಿಯೇ ಅಲ್ಲ ಎಂದು ವಸಂತ ಮತ್ತೆ ಮುಖ ತಿರುಗಿಸಬಹುದು. ಹೇಳದಿದ್ದರೆ ದೇವರ ಮುಂದೆ ನನ್ನ ಗತಿ ಏನು? ಬುಧವಾರ ಶಾಂತಾ ಖಾರ್ಘರ್‌ನಿಂದ ಬಂದು ಫ್ರಿಜ್ಜು ತೆಗೆದವಳೇ, "ರಸದ ಬಾಟ್ಲಿ ಇಲ್ಲೇ ಐತೆಲ್ರಿ. ಆವತ್ತ ಎಲ್ಲಾರಿಗೂ ಏನ್ ಕುಡಿಸಿದ್ರಿ?" ಎಂದಳು. ಹೇಳಿದೆ. ಅವಳು ಕುರ್ಚಿಗೆ ಕುಸಿದು ಕೂತು, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಕಡೆಗೆ ಕಣ್ಣೊರೆಸಿಕೊಂಡು, "ಲಿಲ್ಲಿಯಮ್ಮಗ ಬಿ.ಪಿ. ಐತಿ. ಡಾಕ್ಟ್ರು ಉಪ್ಪು ಬಂದ್ ಮಾಡ್ಯಾರ," ಎಂದಳು.

ಮರುದಿನ ಗುರುವಾರವೇ ಲಿಲ್ಲಿಯಮ್ಮನವರಿಗೆ ತಲೆ ಸುತ್ತಿ ಬಂದು ಹಾಸಿಗೆ ಹಿಡಿದಿದ್ದಾರೆ ಎಂಬ ಸುದ್ದಿ ಬಂತು. ಎಂಬತ್ತೈದರ ಮುದುಕಿ, ಅವರ ಕಡೆಯ ಭೋಜನ ಅದೇ ಆಗಿಬಿಟ್ಟರೆ? ಕರ್ತನ ಪಾತ್ರೆಯೆಂದು ನಂಬಿ ಪಕ್ಕದ ಮನೆಯ ಕಾಕುವಿನ ಆಗಳ ಕುಡಿದು ಹೋಗಿಬಿಟ್ಟರೆ? ಹೆದರಿಕೊಂಡೇ ಡೊಂಬಿವಲಿಗೆ ಹೋದೆ. ಲಿಲ್ಲಿಯಮ್ಮ ದಿಂಬಿಗೊರಗಿ, ಭೂತಗನ್ನಡಿ ಹಿಡಿದು, ತಮಗೆ ಬರುವ ಕನ್ನಡ ಮಾಸಪತ್ರಿಕೆಯಿಂದ ಕಥೆಯೊಂದನ್ನು ಗಟ್ಟಿಯಾಗಿ ಓದುತ್ತಿದ್ದರು. ಮಂಚದ ಕಾಲ ಬಳಿ ಎಡ್ವಿನ್ ಮತ್ತು ವಸಂತ ಒಂದೇ ತಟ್ಟೆಯಿಂದ ಚಕ್ಕುಲಿ ಮುರಿದು ತಿನ್ನುತ್ತ ಕೇಳುತ್ತಿದ್ದರು. ಆ ಚಿತ್ರವನ್ನು ನೋಡಿ ಹೇಳಲು ಬಾಯಿ ಬರಲಿಲ್ಲ. ಎರಡು ಬಾಳೆಹಣ್ಣು ಕೊಟ್ಟು ವಾಪಸು ಬಂದೆ.

ಶಾಂತಾ ಬಿಡಲಿಲ್ಲ, ಪಾಸ್ಟರ ಹತ್ತಿರ ಕಳಿಸಿದಳು. ನಾನು ತಡವರಿಸುತ್ತ ಹೇಳಿ ಮುಗಿಸಿದ ಮೇಲೆ ಪಾಸ್ಟರ್, "ನನ್ ಬಾಯಿಗೂ ಉಪ್ಪುಪ್ಪಾಗಿತ್ತು ಅಂಕಲ್. ಬೆಳಿಗ್ಗೆ ಮನೇಲಿ ಹೆಂಡ್ತಿ ಮೇಲೆ ಕೂಗಾಡಿ ಬಂದಿದ್ದೆ, ಅದಕ್ಕೇ ಅಂದ್ಕೊಂಡೆ. ಹೋಗಿ ಕ್ಷಮೆ ಕೇಳ್ದೆ ಅವಳ್ನ," ಎಂದರು. ಆಮೇಲೆ, "ಮಿಕ್ಕೋರೆಲ್ಲ ಅತ್ತಿದ್ದು ನನ್ ಪ್ರಸಂಗ ಕೇಳಿ ಅಂದ್ಕೊಂಡಿದ್ದೆ," ಎಂದರು. ಅವರ ಮುಖ ನೋಡಿ ನನಗೆ ನನ್ನ ಪಾಪಕ್ಕಿಂತ ಹೆಚ್ಚು ಸಂಕಟವಾಯಿತು. ಭೋಜನ ಲೆಕ್ಕಕ್ಕೆ ಬಂತೋ ಇಲ್ಲವೋ ಎಂದು ಕೇಳಿದೆ. "ಕರೆದೋನು ಕರ್ತನು, ನಾವಲ್ಲ. ಬಾಟ್ಲಿ ನೋಡಿ ಕರೆದಿಲ್ಲ ಅವನು, ನಮ್ಮ ಯೋಗ್ಯತೆ ನೋಡೂ ಕರೆದಿಲ್ಲ. ಆ ವಿಷ್ಯಕ್ಕೆ ಹೆದರ್ಬೇಡಿ," ಎಂದರು. ನಾನು ನಿರಾಳವಾಗಿ ಏಳುವಷ್ಟರಲ್ಲಿ, "ಆದ್ರೆ ಲಿಲ್ಲಿಯಮ್ಮನ ಮನೇಲಿ ಹೋಗಿ ಹೇಳ್ಬೇಕು ನೀವು. ಸುಳ್ಳಿನ ಮೇಲೆ ರಾಜಿ ನಿಲ್ಲಬಾರ್ದು," ಎಂದರು. ಮತ್ತೆ ಕೂತೆ.

ಹೋದೆ. ಶಾಂತಾಳೂ ಬಂದಳು, ನಾನು ಮೆಟ್ಟಿಲಿಂದ ಹಿಂತಿರುಗದಂತೆ ಕಾಯಲು. ಲಿಲ್ಲಿಯಮ್ಮ ಎದ್ದು ಓಡಾಡುತ್ತಿದ್ದರು. ತಲೆಸುತ್ತು ಹೊಸ ಕನ್ನಡಕದ್ದಂತೆ. ಇಬ್ಬರು ಗಂಡಸರೂ ಇದ್ದರು. ನಾನು ನೀರು ಕೇಳಿ, ಕುಡಿದು, ಇನ್ನೊಂದು ಲೋಟ ಕೇಳಿ, ಅದನ್ನೂ ಕುಡಿದು ಎಲ್ಲ ಹೇಳಿದೆ.

"ಅಂಕಲ್, ಕೋಕಮ್ ಥಾ, ವೋ ತೋ ಪತಾ ಚಲಾ," ಎಂದ ಎಡ್ವಿನ್. ಕೋಕಮ್ ಎಂದು ಅವನಿಗೆ ತಿಳಿದಿತ್ತು. ಅವನು ಅರ್ಧ ಕನ್ನಡದಲ್ಲಿ ಮುಂದುವರಿಸಿದ: "ಲೇಕಿನ್ ಗೊತ್ತಾಗ್ಲಿಕ್ಕೆ ಎರಡು ಸೆಕೆಂಡ್ ಹೋಯ್ತು. ಆ ಎರಡು ಸೆಕೆಂಡ್ ನಾನು ಸತ್ತೇ ಹೋದೆ ಅಂದ್ಕೊಂಡೆ. ಭಾವನ ಮುಖ ಒಂದೇ ಕಣ್ಣ ಮುಂದೆ ಬಂತು. ಮತ್ತೆ ಕೋಕಮ್ ಅಂತ ಗೊತ್ತಾಯ್ತು, ಆದ್ರೆ ಅಷ್ಟರಲ್ಲಿ ನಾನು ಎದ್ದು ನಿಂತಾಗಿತ್ತು." ವಸಂತ ತಲೆಯಾಡಿಸಿ, "ಮಲಾ ಪಣ್ ತಸೇಚ್," ಎಂದ. ತನಗೂ ಹಾಗೇ ಆಯಿತು ಎಂದು. ಇಬ್ಬರೂ ಒಟ್ಟಿಗೆ ನಕ್ಕರು.

"ನನಗೆ ಪುನರ್ಪುಳಿ ಗೊತ್ತಾಗುದಿಲ್ವಾ?" ಎಂದರು ಲಿಲ್ಲಿಯಮ್ಮ. ಅವರ ಕಡೆ ಕೋಕಮ್ಮಿಗೆ ಹೆಸರು ಅದೇ. "ನಾಲಿಗೆಗೆ ತಾಗಿದ ಕೂಡ್ಲೇ ಗೊತ್ತಾಯ್ತು. ಉಳಿದದ್ದನ್ನು ಕರ್ಚೀಫಿಗೆ ಬಿಟ್ಟೆ, ಬಿ.ಪಿ. ಉಂಟಲ್ಲ." ಗಂಡಸರು ಚಹಾಕ್ಕೆಂದು ಒಳಗೆ ಹೋದ ಮೇಲೆ ಅವರು ನನ್ನ ಕಡೆ ಬಾಗಿ ತಗ್ಗಿದ ದನಿಯಲ್ಲಿ ಕೇಳಿದರು: "ಬಾಟ್ಲಿದು ಬಿಡಿ ದೇವಮಿತ್ರ, ಅದು ಆಗಿ ಹೋಯ್ತು. ಬೇರೆ ಎಂತಾದ್ರೂ ಹೇಳ್ಲಿಕ್ಕುಂಟಾ ನಿಮಗೆ?"

"ಇಲ್ಲರಿ," ಎಂದೆ. ಮೂರನೆಯ ಲೋಟ ನೀರು ಕೇಳಿದೆ.

ಮದುವೆಯ ಕಾರ್ಡು ತೋರಿಸಿಕೊಟ್ಟವನು ನಾನು. ಆರಾಧನೆ ಮುಗಿದು ಅಂಗಳದಲ್ಲಿ ಕಾರ್ಡು ಹಂಚುತ್ತಿದ್ದರು. ಯಾವ ಕಾಗದ ಕೈಗೆ ಬಂದರೂ ಮೂರು ಸಲ ನೋಡುವವನಲ್ಲವೇ ನಾನು, ನೋಡಿದೆ, ಪಕ್ಕದಲ್ಲಿದ್ದ ವಸಂತನಿಗೆ ಬೆರಳಿಟ್ಟು ತೋರಿಸಿದೆ. "ನಿಮ್ಮ ಹೆಸರು ಮೂರನೇ ಸಾಲಿಗೆ ಹೋಗೇತೆಲ್ರಿ," ಎಂದೆ. ದುರುದ್ದೇಶವಿರಲಿಲ್ಲ, ಬರೀ ಕ್ವಾಲಿಟಿ ಚೆಕ್ಕು. ಆಮೇಲೆ ಬೆಂಕಿ ಹೊತ್ತಿದ್ದನ್ನು ಕಂಡು ಹೆದರಿ ಸುಮ್ಮನಾದೆ. ಆರು ವರ್ಷ ತಿಂಗಳು ತಿಂಗಳೂ ಲೋಟ ಹಿಡಿದು ಕಣ್ಣು ಮುಚ್ಚಿದೆ, ಒಮ್ಮೆಯೂ ಅದು ನೆನಪಿಗೆ ಬರದಂತೆ ನೋಡಿಕೊಂಡೆ. ಆ ಭಾನುವಾರ ಎಲ್ಲರಿಗೂ ಸಿಕ್ಕ ಎರಡು ಸೆಕೆಂಡ್ ನನಗೂ ಸಿಕ್ಕಿತ್ತು. ನಲವತ್ತು ಜನರಲ್ಲಿ ತನ್ನನ್ನು ಬಿಟ್ಟು ಬಾಟಲಿಯನ್ನು ಪರೀಕ್ಷಿಸಿದವನು ನಾನೊಬ್ಬನೇ.

ಇಷ್ಟನ್ನು ಇಲ್ಲಿ ಧೈರ್ಯವಾಗಿ ಬರೆದದ್ದಕ್ಕೆ ಕಾರಣವಿದೆ. ಎಡ್ವಿನ್ನನಿಗೆ ಕನ್ನಡ ಓದಲು ಬರುವುದಿಲ್ಲ, ವಸಂತನಿಗೂ ಬರುವುದಿಲ್ಲ. ಬರೆದು, ಲಕೋಟೆ ಅಂಟಿಸಿ, ಪತ್ರಿಕೆಗೆ ಕಳಿಸಿ, ಒಪ್ಪಿಕೊಂಡ ಸಮಾಧಾನದಲ್ಲಿ ಮನೆಗೆ ಬಂದೆ. (ಇಲ್ಲಿಂದ ಮುಂದಿನದನ್ನು ಬೇರೆ ಲಕೋಟೆಯಲ್ಲಿ ಅದರ ಹಿಂದೆಯೇ ಕಳಿಸುತ್ತಿದ್ದೇನೆ.) "ಯಾವ ಪತ್ರಿಕೆಗ್ರೀ?" ಎಂದು ಶಾಂತಾ ಕೇಳಿದಳು. ಹೆಸರು ಹೇಳಿದೆ. "ಲಿಲ್ಲಿಯಮ್ಮ ಅದನ್ನ ತರಸ್ತಾರಲ್ರಿ. ಮಗಗ, ಅಳಿಯಗ ಕುಂದರಿಸಿ ಓದಿ ಹೇಳ್ತಾರ," ಎಂದಳು. ಆ ಪತ್ರಿಕೆ ತಿಂಗಳ ಕೊನೆಯ ವಾರ ಮನೆ ಮುಟ್ಟುತ್ತದೆ. ಭೋಜನ ಮೊದಲ ಭಾನುವಾರ. ಅಷ್ಟರೊಳಗೆ ನಾನೇ ಹೋಗಿ ಹೇಳಿ ಬರುವುದು ಮೇಲು ಎಂದು ಅವಳು ನನ್ನ ಚಪ್ಪಲಿ ಬಾಗಿಲಿಗೆ ತಂದಿಟ್ಟಿದ್ದಾಳೆ. ಡೊಂಬಿವಲಿಯ ಗಾಡಿ ಎಷ್ಟಕ್ಕೆ ಎಂದು ಎರಡು ಸಲ ನೋಡಿದ್ದೇನೆ. ಈಗ ಮೂರನೆಯ ಸಲ ನೋಡುತ್ತಿದ್ದೇನೆ.